ಮಲ್ಲಿಗೆ ಬುಡ
ನಾಳೆ ಬೆಳಿಗ್ಗೆ ಹಿತ್ತಲಿಗೆ ಲಾನ್ ಹಾಕುವವರು ಬರುತ್ತಾರೆ. ಇವತ್ತು ಸಂಜೆ ಪೂರ್ತಿ ಗಿಡ ಎತ್ತಿಡುವುದೇ ಕೆಲಸ. ಕನಕಾಂಬರ, ತುಳಸಿ ಸಲೀಸಾಗಿ ಬಂದವು. ಅಮ್ಮ ನೆಟ್ಟ ಮಲ್ಲಿಗೆ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಮಣ್ಣು ಉದುರದೆ ಬೇರಿನ ಜೊತೆ ಉಂಡೆಯಾಗಿ ಬರಲಿ ಅಂತ ನಿನ್ನೆಯೇ ಬುಡಕ್ಕೆ 2 ಬಕೆಟ್ ನೀರು ಹಾಕಿದ್ದೆ. ಒಂದಡಿ ದೂರದಿಂದ ಸುತ್ತಲೂ ಅಗೆಯುತ್ತಾ ಹೋದರೆ, ಬೇರಿನ ನಡುವೆ ಅಮ್ಮನ ಹಸಿರು ಗಾಜಿನ ಬಳೆ ಚೂರು. ಒಂದು ಎಳೆ ಬೇರು ಅದನ್ನು ಸುತ್ತಿಕೊಂಡಿತ್ತು. ಬಿಡಿಸಲು ಮನಸ್ಸಾಗಲಿಲ್ಲ. ಮಣ್ಣು ಎಷ್ಟೆಲ್ಲಾ ಜೋಪಾನವಾಗಿ ಇಟ್ಟುಕೊಂಡಿರುತ್ತೆ ಅಲ್ವಾ?

ಕೊಂಬೆ ಸ್ವಲ್ಪ ಕತ್ತರಿಸಿ, ಬುಡಕ್ಕೆ ಒದ್ದೆ ಗೋಣಿಚೀಲ ಸುತ್ತಿ, ಬಚ್ಚಲ ಗೋಡೆಯ ನೆರಳಲ್ಲಿ ಇಟ್ಟಿದ್ದೇನೆ. ಚೂರೂ ಅದರಲ್ಲೇ ಇದೆ. ಲಾನ್ ಹಾಕುವವರು ಕೊಟ್ಟ ಪ್ಲಾನಿನಲ್ಲಿ ಮಲ್ಲಿಗೆಗೆ ಜಾಗವೇ ಇರಲಿಲ್ಲ. ಅಡುಗೆಮನೆ ಕಿಟಕಿ ಕೆಳಗೆ ನಾನೇ ಪೆನ್ಸಿಲ್ಲಿನಲ್ಲಿ ಒಂದು ಸೊನ್ನೆ ಸುತ್ತಿದ್ದೇನೆ.