ಪ್ಲಗ್ ಮೊದಲು ಬೆರಳಲ್ಲೇ ಹತ್ತಬೇಕು

ಗ್ಯಾರೇಜ್ ಕೆಲಸಕ್ಕೆ ಸೇರಿ ಎರಡನೇ ವರ್ಷ. ಎಂಟು ಸಿಲಿಂಡರಿನ ವಿ8 ಇಂಜಿನ್ನಿನ ಒಂದು ಪಿಕಪ್ ಟ್ರಕ್ ಬಂದಿತ್ತು, ಪೆಟ್ರೋಲಿಗೆ ಕಿಡಿ ಹಚ್ಚುವ ಎಂಟೂ ಸ್ಪಾರ್ಕ್ ಪ್ಲಗ್ ಬದಲಿಸಬೇಕಿತ್ತು. ಏಳು ಸಲೀಸಾಗಿ ಮುಗಿದವು. ಎಂಟನೆಯದು ಇಂಜಿನ್ನಿನ ತೀರಾ ಹಿಂದೆ, ಕ್ಯಾಬಿನ್ ಗೋಡೆಗೆ ಅಂಟಿಕೊಂಡಂತೆ ಇತ್ತು. ಅಲ್ಲಿಗೆ ಕೈಯೂ ಹೋಗಲ್ಲ, ಕಣ್ಣಿಗೂ ಕಾಣಲ್ಲ. ಉದ್ದದ ಎಕ್ಸ್‌ಟೆನ್ಷನ್ ಕಡ್ಡಿಗೆ ರಾಚೆಟ್ ಹಿಡಿ ಹಾಕಿ ನೇರವಾಗಿ ತಿರುಗಿಸಿದೆ. ಸ್ವಲ್ಪ ಬಿಗಿ ಅನ್ನಿಸಿತು. ಜಾಗ ಇಕ್ಕಟ್ಟು, ಅದಕ್ಕೇ ಇರಬೇಕು ಅಂದುಕೊಂಡು ಇನ್ನೊಂದು ಸುತ್ತು ಹಾಕಿದೆ.

ಪ್ಲಗ್ ಓರೆಯಾಗಿ ಹತ್ತಿತ್ತು. ವಾಪಸ್ ತೆಗೆದು ನೋಡಿದರೆ ಅದರ ಥ್ರೆಡ್‌ಗಳ (ತಿರುಪಿನ ಗೆರೆಗಳ) ನಡುವೆ ಹೊಳೆಯುವ ಬಿಳಿ ಚೂರುಗಳು. ಅದು ಹೆಡ್‌ನ, ಅಂದರೆ ಪ್ಲಗ್ ಕೂರುವ ಇಂಜಿನ್ನಿನ ಮೇಲಿನ ಭಾಗದ, ಅಲ್ಯೂಮಿನಿಯಂ. ಪ್ಲಗ್ ಉಕ್ಕಿನದು, ಅದಕ್ಕೆ ಏನೂ ಆಗಿರಲಿಲ್ಲ.

ಆ ತೂತನ್ನು ಸರಿಮಾಡಿದ್ದು ನಮ್ಮ ಹಿರಿಯ ಮೆಕ್ಯಾನಿಕ್. ಚೂರು ಸಿಲಿಂಡರ್ ಒಳಗೆ ಬೀಳಬಾರದು ಅಂತ ಥ್ರೆಡ್ ಕೊರೆಯುವ ಟ್ಯಾಪ್‌ಗೆ ಗ್ರೀಸ್ ಮೆತ್ತಿ, ಸ್ವಲ್ಪ ಕೊರೆಯೋದು, ಹೊರಗೆ ತೆಗೆದು ಒರೆಸೋದು, ಮತ್ತೆ ಕೊರೆಯೋದು. ಕೊನೆಗೆ ಒಳಗೆ ಹೊಸ ಥ್ರೆಡ್ ಇರುವ ಉಕ್ಕಿನ ಇನ್ಸರ್ಟ್ ಕೂರಿಸಿದರು. ಅರ್ಧ ದಿನ ಹೋಯಿತು. ಅವರು ಬೈಯಲಿಲ್ಲ. ಒಂದು ಗೇಣುದ್ದದ ರಬ್ಬರ್ ಪೈಪ್ ನನ್ನ ಕೈಗೆ ಕೊಟ್ಟು, "ಇನ್ಮೇಲೆ ಇದಿಲ್ದೆ ಪ್ಲಗ್ ಹಾಕ್ಬೇಡ ಕಣೋ" ಅಂದರು.

ಮನೆಯಲ್ಲೇ ಪ್ಲಗ್ ಬದಲಿಸುವವರಿಗೆ ನಾನು ಮೊದಲು ಹೇಳೋದು ಆ ಪೈಪಿನ ವಿಷಯವೇ. ಪ್ಲಗ್‌ನ ಬಿಳಿ ಪಿಂಗಾಣಿ ತುದಿಗೆ ಬಿಗಿಯಾಗಿ ಕೂರುವ ಯಾವ ರಬ್ಬರ್ ಪೈಪ್ ಆದರೂ ಸಾಕು. ಪ್ಲಗ್ ಸಿಕ್ಕಿಸಿ, ತೂತಿನೊಳಗೆ ಇಳಿಸಿ, ಮೊದಲು ಎಡಕ್ಕೆ ತಿರುಗಿಸಿ. ಥ್ರೆಡ್‌ನ ಬಾಯಿ ಸಿಕ್ಕಾಗ ಪ್ಲಗ್ ಒಂದು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಬೆರಳಿಗೆ ಅದು ಗೊತ್ತಾಗುತ್ತದೆ. ಆಮೇಲೆ ಬಲಕ್ಕೆ. ನೆಟ್ಟಗೆ ಹತ್ತಿದ್ದರೆ ಐದಾರು ಸುತ್ತು ಹಗುರವಾಗಿ ಹೋಗುತ್ತದೆ. ಓರೆಯಾಗಿದ್ದರೆ ಪೈಪೇ ಜಾರುತ್ತದೆ, ಹೆಡ್‌ಗೆ ಏಟು ಬೀಳಲ್ಲ. ರಾಚೆಟ್‌ಗೆ ಈ ನಾಜೂಕು ಇಲ್ಲ.

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಇರುವಾಗ ಪ್ಲಗ್ ಬಿಚ್ಚಿದರೆ ಹೆಡ್‌ನ ಥ್ರೆಡ್ಡೂ ಕಿತ್ತುಕೊಂಡು ಬರಬಹುದು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಶುರುಮಾಡೋದು ಒಳ್ಳೇದು.

ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ತೆಗೆದ ತಕ್ಷಣ ಪ್ಲಗ್ ಬಿಚ್ಚಬೇಡಿ. ಪ್ಲಗ್ ಕೂತಿರುವ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಮರಳು, ಧೂಳು, ಒಣಗಿದ ಎಲೆ ಚೂರು ಇರುತ್ತೆ. ಪ್ಲಗ್ ತೆಗೆದರೆ ಅದೆಲ್ಲ ನೇರ ಸಿಲಿಂಡರ್‌ಗೆ ಬೀಳುತ್ತದೆ. ಮೊದಲು ಗಾಳಿ ಹೊಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಪ್ಲಗ್ ಬಿಗಿಯಾಗಿದ್ದರೆ ಬಲ ಹಾಕಬೇಡಿ. ಕಾಲು ಸುತ್ತು ಸಡಿಲಿಸಿ, ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಆಮೇಲೆ ಹಿಂದೆ ಮುಂದೆ ಆಡಿಸುತ್ತಾ ಬಿಚ್ಚಿ.

ತೆಗೆದ ಪ್ಲಗ್‌ಗಳನ್ನು ಸಿಲಿಂಡರ್ ನಂಬರ್ ಬರೆದ ರಟ್ಟಿನ ಮೇಲೆ ಸಾಲಾಗಿ ಇಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿರಬಹುದು. ಎಣ್ಣೆ ಜಿಡ್ಡು ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ನೋಡಬೇಕು. ಒಂದೇ ಒಂದು ಬೇರೆ ಬಣ್ಣ ಇದ್ದರಂತೂ ಆ ಸಿಲಿಂಡರ್‌ನಲ್ಲೇ ಏನೋ ಆಗಿದೆ. ಎಲ್ಲವನ್ನೂ ಒಂದೇ ಡಬ್ಬಕ್ಕೆ ಹಾಕಿದರೆ ಇದು ಗೊತ್ತಾಗೋದೇ ಇಲ್ಲ, ಅಲ್ವಾ?

ಹೊಸ ಪ್ಲಗ್‌ನ ಗ್ಯಾಪ್ (ಕಿಡಿ ಹಾರುವ ಸಂದು) ಎಷ್ಟಿರಬೇಕು ಅಂತ ಗಾಡಿಯ ಕೈಪಿಡಿಯಲ್ಲಿ ನೋಡಿ. ಇರಿಡಿಯಂ ಪ್ಲಗ್‌ನ ನಡುವಿನ ತುದಿ ಸಾಮಾನ್ಯವಾಗಿ 0.4ರಿಂದ 0.7 ಮಿಲಿಮೀಟರ್‌ನಷ್ಟು ಸಣ್ಣದಿರುತ್ತದೆ. ಅದಕ್ಕೆ ಏನನ್ನೂ ಒತ್ತಿ ಮೀಟಬೇಡಿ, ಮುರಿಯುತ್ತದೆ.

ಬಿಗಿ ಮಾಡೋಕೆ ಟಾರ್ಕ್ (ತಿರುಗಿಸುವ ಬಲ) ಅಳೆಯುವ ಟಾರ್ಕ್ ರೆಂಚ್ ಬಳಸಿ, ಅಂಕಿ ಕೈಪಿಡಿಯದೇ ಇರಲಿ. ರೆಂಚ್ ಇಲ್ಲದಿದ್ದರೆ ಪ್ಲಗ್ ನೋಡಿ. ವಾಷರ್ ಇರುವ ಹೊಸ ಪ್ಲಗ್ ಆದರೆ, ಬೆರಳಲ್ಲಿ ಕೂತ ಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು. ವಾಷರ್ ಇಲ್ಲದ, ಇಳಿಜಾರು ಸೀಟಿನ ಪ್ಲಗ್‌ಗೆ ಒಂದು ಸುತ್ತಿನ ಹದಿನಾರನೇ ಒಂದು ಭಾಗ ಮಾತ್ರ. ಇದಕ್ಕೂ ವಾಷರ್ ಪ್ಲಗ್‌ನಷ್ಟೇ ತಿರುಗಿಸಿದರೆ ಥ್ರೆಡ್ ಹೋಯಿತು ಅಂತಲೇ ಲೆಕ್ಕ. ಥ್ರೆಡ್‌ಗೆ ಎಣ್ಣೆ, ಗ್ರೀಸ್ ಹಚ್ಚೋದೂ ಬೇಡ. ಜಾರಿಕೆ ಜಾಸ್ತಿಯಾಗಿ, ಅದೇ ಟಾರ್ಕ್‌ಗೂ ಪ್ಲಗ್ ಅತಿಯಾಗಿ ಬಿಗಿಯಾಗುತ್ತದೆ.

ಮನೆಯಲ್ಲಿ ಪ್ಲಗ್ ಬದಲಿಸಿದ ಗಾಡಿಗಳು ನಮ್ಮಲ್ಲಿಗೆ ಬರುತ್ತವೆ. ಏಳು ಹೊಸವು, ಹಿಂದಿನದೊಂದು ಹಾಗೇ ಹಳೇದು. ಕೈಗೆ ಸಿಗಲ್ಲ ಅಂತ ಬಿಟ್ಟಿರುತ್ತಾರೆ. ನನಗೆ ಆ ಕಷ್ಟ ಗೊತ್ತು. ಆದರೆ ಸವೆದ ಪ್ಲಗ್‌ನ ಗ್ಯಾಪ್ ದೊಡ್ಡದಾಗಿರುತ್ತದೆ. ಕಿಡಿ ಹಾರಿಸೋಕೆ ಕಾಯಿಲ್ ಜಾಸ್ತಿ ವೋಲ್ಟೇಜ್ ಕೊಡಬೇಕು, ಕೊನೆಗೆ ಕಾಯಿಲ್ಲೇ ಸುಡಬಹುದು. ನಾನೀಗ ಆ ಹಿಂದಿನ ಪ್ಲಗ್ಗನ್ನೇ ಮೊದಲು ಹಾಕುತ್ತೇನೆ, ಕೈ ದಣಿಯುವ ಮುಂಚೆ, ತಾಳ್ಮೆ ಇರುವಾಗಲೇ.

ಎಲ್ಲ ಹಾಕಿ ಸ್ಟಾರ್ಟ್ ಮಾಡಿದಾಗ ಇಂಜಿನ್ ಮಿಸ್ ಹೊಡೆದರೆ (ತಡವರಿಸಿ ಓಡಿದರೆ) ಗಾಬರಿ ಬೇಡ. ಆಫ್ ಮಾಡಿ, ಕಾಯಿಲ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ. ಬಹಳ ಸಲ ಯಾವುದೋ ಒಂದು ಟಕ್ ಅಂತ ಕೂತಿರೋದಿಲ್ಲ.