ಶಿಗೆ ಪರವಾಗಿ ಒಂದೆರಡು ಮಾತು

18 ಜನವರಿ 2025, ಶನಿವಾರ

ನಿನ್ನೆ ರಾತ್ರಿ ‘ಟೋಕಿಯೊ ಸ್ಟೋರಿ’ ಮತ್ತೆ ನೋಡಿದೆ. ಯಸುಜಿರೊ ಓಜು 1953ರಲ್ಲಿ ಮಾಡಿದ ಸಿನಿಮಾ. ಕಥೆ ಅಂತ ಹೇಳೋಕೆ ಜಾಸ್ತಿ ಏನಿಲ್ಲ. ಒನೊಮಿಚಿ ಅನ್ನೋ ಕಡಲ ಪಕ್ಕದ ಊರಿಂದ ವಯಸ್ಸಾದ ಅಪ್ಪ ಅಮ್ಮ ಟೋಕಿಯೊಗೆ ಮಕ್ಕಳನ್ನು ನೋಡೋಕೆ ಬರುತ್ತಾರೆ, ಮಕ್ಕಳಿಗೆ ಪುರುಸೊತ್ತಿಲ್ಲ, ಊರಿಗೆ ಮರಳಿದ ಸ್ವಲ್ಪ ದಿನಕ್ಕೇ ಅಮ್ಮ ತೀರಿಕೊಳ್ಳುತ್ತಾಳೆ.

ಹಳೇ ಸಿನಿಮಾ ಅಂದ್ರೆ ಈಗ ಅದರಲ್ಲಿ ಯಾರಿಗೆ ಜಾಗ ಸಿಕ್ಕಿದೆ, ಯಾರಿಗಿಲ್ಲ ಅಂತ ಲೆಕ್ಕ ಹಾಕ್ತಾರೆ. ಹಾಕಲಿ, ತಪ್ಪೇನಿಲ್ಲ. ಆದರೆ ಬರೀ ಜನಾಂಗ ಎಣಿಸಿದರೆ ಇದಕ್ಕೆ ಸೊನ್ನೆ, ತೆರೆ ಮೇಲಿರೋರೆಲ್ಲ ಜಪಾನೀಯರೇ. ಅಷ್ಟಕ್ಕೇ ಎದ್ದುಹೋದರೆ ಆ ಮನೆಯ ಹೆಂಗಸರು ಕಣ್ಣಿಗೇ ಬೀಳೋದಿಲ್ಲ. ಒಬ್ಬಳು ಡಾಕ್ಟರ ಹೆಂಡತಿ. ಒಬ್ಬಳು ಸ್ಕೂಲ್ ಟೀಚರ್. ನೊರಿಕೊ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆ, ಆಫೀಸಿನಲ್ಲಿ ದುಡಿದು ಒಬ್ಬಳೇ ಬದುಕುತ್ತಿದ್ದಾಳೆ. ಇನ್ನು ದೊಡ್ಡ ಮಗಳು ಶಿಗೆ, ಮನೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ.

ನೋಡಿದವರೆಲ್ಲ ಶಿಗೆಯನ್ನು ಬೈತಾರೆ. ಬೈಸಿಕೊಳ್ಳೋ ಕೆಲಸಾನೂ ಮಾಡ್ತಾಳೆ ಬಿಡಿ. ಪಾರ್ಲರಿಗೆ ಬಂದ ಗಿರಾಕಿ ಯಾರಿವರು ಅಂತ ಕೇಳಿದರೆ ಹೆತ್ತವರನ್ನೇ ಊರ ಕಡೆ ಪರಿಚಯದವರು ಅಂದುಬಿಡುತ್ತಾಳೆ. ಗಂಡ ಅತ್ತೆ ಮಾವನಿಗೆ ಅಂತ ಒಳ್ಳೇ ಕೇಕ್ ತಂದರೆ ಇಷ್ಟು ದುಬಾರಿದು ಯಾಕೆ ಅಂತಾಳೆ. ಅಮ್ಮನ ಅಂತ್ಯಕ್ರಿಯೆ ಮುಗಿದು ಊಟಕ್ಕೆ ಕೂತಾಗಲೇ ಅವಳ ಕಿಮೋನೊ ನನಗಿರಲಿ ಅಂತಾಳೆ. ಶಿಗೆ ಪಾತ್ರದ ಹರುಕೊ ಸುಗಿಮುರಾ ಅದನ್ನು ಎಷ್ಟು ಸಲೀಸಾಗಿ ಹೇಳ್ತಾರೆ ಅಂದ್ರೆ ಸಿಟ್ಟು ಬರೋ ಮೊದಲೇ ನಗು ಬರುತ್ತೆ.

ಆದರೆ ಅವಳ ಕಡೆಯಿಂದಲೂ ನೋಡಿ. ಅಂಗಡಿಯೂ ಅದೇ ಮನೆ, ಸಂಸಾರವೂ ಅದೇ ಮನೆ. ನಡುರಾತ್ರಿ ಅಪ್ಪ ಕುಡಿದು ಇನ್ನೊಬ್ಬ ಮುದುಕನ ಜೊತೆ ತೂರಾಡಿಕೊಂಡು ಬರುತ್ತಾನೆ, ಕರೆತಂದವನು ಪೊಲೀಸು. ಇಬ್ಬರೂ ಗಿರಾಕಿಗಳ ಕುರ್ಚಿಯಲ್ಲೇ ಬಿದ್ದು ನಿದ್ದೆ. (ಅಪ್ಪನಾದ ಚಿಶು ರ್ಯುಗೆ ಆಗ ಬರೀ 49, ನಂಬೋಕಾಗಲ್ಲ.) ಬೆಳಗಾದರೆ ಬಾಗಿಲು ತೆಗೆಯಬೇಕಾದವಳು ಗೊಣಗದೆ ಏನು ಮಾಡ್ತಾಳೆ?

1948ರಲ್ಲಿ ಜಪಾನಿನ ಹೊಸ ಸಿವಿಲ್ ಕಾನೂನು ಜಾರಿಗೆ ಬಂದು, ಮನೆಗೊಬ್ಬ ಯಜಮಾನ, ಅವನಾದ ಮೇಲೆ ಹಿರೀಮಗ ಅನ್ನೋ ಹಳೇ ಪದ್ಧತಿ ಹೋಗಿತ್ತು. ಹಾಗಾದರೆ ಅಪ್ಪ ಅಮ್ಮನನ್ನು ನೋಡಿಕೊಳ್ಳೋದು ಯಾರ ಪಾಲಿಗೆ? ಇಲ್ಲಿ ಎಲ್ಲರೂ ಇನ್ನೊಬ್ಬರ ಮುಖ ನೋಡ್ತಾರೆ. ಕೊನೆಗೆ ರಜೆ ಹಾಕಿ ಊರು ತೋರಿಸೋದು ರಕ್ತಸಂಬಂಧವೇ ಇಲ್ಲದ ನೊರಿಕೊ.

ಕೊನೇ ಮಗಳು ಕ್ಯೋಕೊ ಅಣ್ಣ ಅಕ್ಕಂದಿರ ಮೇಲೆ ಸಿಡಿದೇಳುತ್ತಾಳಲ್ಲ, ಆ ದೃಶ್ಯ ಎಲ್ಲರಿಗೂ ನೆನಪಿರುತ್ತೆ. ಬದುಕು ಅಂದ್ರೆ ಬೇಸರ ಅಲ್ವಾ ಅಂತ ಅವಳು ಕೇಳಿದ್ದು, ನೊರಿಕೊ ನಗುತ್ತಾ ಹೌದು ಅಂದಿದ್ದು. ಅದಕ್ಕೂ ಮುಂಚೆ ನೊರಿಕೊ ಶಿಗೆ ಪರ ಮಾತಾಡಿದ್ದು ಮಾತ್ರ ಯಾರಿಗೂ ನೆನಪಿರಲ್ಲ. ಆ ವಯಸ್ಸಿಗೆ ಬಂದ ಹೆಂಗಸಿಗೆ ಹೆತ್ತವರಿಂದ ಬೇರೆಯಾದ ತನ್ನದೇ ಬದುಕು ಇರುತ್ತೆ, ಅವಳೇನೂ ಕೆಟ್ಟವಳಲ್ಲ ಅಂತ. ಸಿನಿಮಾದ ‘ಒಳ್ಳೇ ಹುಡುಗಿ’ಯೇ ಹೀಗೆ ಹೇಳಿದ ಮೇಲೂ ನಾವು ಶಿಗೆಯನ್ನು ಬೈದುಕೊಂಡೇ ಇದ್ದೀವಿ.

ಕೊರತೆ ಇಲ್ಲವೇ ಇಲ್ಲ ಅಂತಲ್ಲ. ಯುದ್ಧದ ನಂತರ ಜಪಾನಿನಲ್ಲಿದ್ದ ಅಮೆರಿಕದ ಸೇನೆಯ ಆಳ್ವಿಕೆ ಮುಗಿದಿದ್ದು 1952ರ ಏಪ್ರಿಲಿನಲ್ಲಿ. ಮರುವರ್ಷದ ಈ ಟೋಕಿಯೊದಲ್ಲಿ ಒಬ್ಬ ಅಮೆರಿಕನ್ ಸಿಪಾಯಿಯೂ ಎದುರಾಗೋದಿಲ್ಲ. ಅಲ್ಲೇ ನೆಲೆಸಿದ್ದ ಕೊರಿಯನ್ನರ ಸುಳಿವೂ ಇಲ್ಲ. ಆಗ ಅದನ್ನೆಲ್ಲ ತೋರಿಸೋಕೆ ಆಗ್ತಿರಲಿಲ್ಲ ಅನ್ನೋ ಹಾಗೂ ಇಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ನಟಿ ಕಿನುಯೊ ತನಾಕಾ ನಿರ್ದೇಶಕಿಯಾಗಿ ಮೊದಲ ಸಿನಿಮಾ ‘ಲವ್ ಲೆಟರ್’ ತಂದರು. ಅಮೆರಿಕನ್ ಸಿಪಾಯಿಗಳ ಜೊತೆ ಸಂಬಂಧವಿದ್ದ ಜಪಾನಿ ಹೆಂಗಸರು, ಅವರ ಪರವಾಗಿ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಡೋ ಗಂಡಸರು, ಎಲ್ಲ ಅದರಲ್ಲಿದ್ದಾರೆ. ತನಾಕಾ 1955ರಲ್ಲಿ ಮಾಡಿದ ಎರಡನೇ ಸಿನಿಮಾಕ್ಕೆ ಚಿತ್ರಕಥೆ ಬರೆದವರಲ್ಲಿ ಓಜು ಕೂಡ ಒಬ್ಬರು. ಇವೆರಡನ್ನೂ ‘ಟೋಕಿಯೊ ಸ್ಟೋರಿ’ಯ ಬೆನ್ನಿಗೇ ನೋಡಬೇಕು, ಬೇರೆ ಬೇರೆಯಾಗಿ ಅಲ್ಲ.