1940ರ ಬಿಎಸ್‌ಎ ಎಂ20: ಗುರುತಿನಿಂದ ಮೊದಲ ಕಿಕ್‌ವರೆಗೆ

ಎಂ20 ಅಂದರೆ ಬಿಎಸ್‌ಎ ಕಂಪನಿ ಬ್ರಿಟಿಷ್ ಸೇನೆಗೆ ಮಾಡಿಕೊಟ್ಟ ಮೋಟಾರ್‌ಸೈಕಲ್. ನಮ್ಮ ಗಾಡಿ ಸಿಕ್ಕಿದ್ದು ಇಂಗ್ಲೆಂಡಿನ ವೂಸ್ಟರ್‌ಶೈರ್‌ನ ಒಂದು ಫಾರ್ಮ್ ಶೆಡ್ಡಿನಲ್ಲಿ. ಮೈತುಂಬ ಕಪ್ಪು ಬಣ್ಣ, ಹ್ಯಾಂಡಲ್ಲಿಗೆ ಕ್ಯಾನ್ವಾಸ್ ಹಿಡಿ, ಫುಟ್‌ರೆಸ್ಟಿಗೆ ರಬ್ಬರೇ ಇಲ್ಲ, ಬರೀ ಕಬ್ಬಿಣ. ಇಷ್ಟು ನೋಡಿದವರು ಇದನ್ನು 1943-44ರ ಗಾಡಿ ಅಂದುಬಿಡುತ್ತಾರೆ. 1942ರಲ್ಲಿ ಮಲಯ ಜಪಾನಿನ ಕೈಸೇರಿ ರಬ್ಬರಿಗೆ ಬರ ಬಂದಾಗ ಮಿಲಿಟರಿ ಬೈಕುಗಳ ಹಿಡಿ, ಫುಟ್‌ರೆಸ್ಟು, ಟ್ಯಾಂಕಿನ ಮಂಡಿಪಟ್ಟಿ ಎಲ್ಲ ಹೋದವು. ಆದರೆ ಈ ಗಾಡಿಯ ಟ್ಯಾಂಕಿನ ಎರಡೂ ಬದಿಯಲ್ಲಿ ಮಂಡಿ ರಬ್ಬರ್ ಕೂರಿಸುವ ಸ್ಕ್ರೂ ತೂತುಗಳಿವೆ. ಅನುಮಾನ ಹುಟ್ಟಿದ್ದೇ ಅಲ್ಲಿ.

ಎಂಜಿನ್ ನಂಬರು ಕ್ರ್ಯಾಂಕ್‌ಕೇಸಿನ ಎಡಬದಿಯಲ್ಲಿ, ಸಿಲಿಂಡರ್ ಬುಡದ ಹತ್ತಿರ ಇರುತ್ತದೆ. ವೈರ್ ಬ್ರಷ್ ಹಾಕಿ ಉಜ್ಜಬಾರದು, ಅಕ್ಷರದ ಅಂಚು ಸವೆಯುತ್ತದೆ. ಪೇಂಟ್ ರಿಮೂವರ್ ಹಚ್ಚಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದರೆ ಸಾಕು. 'ಡಬ್ಲ್ಯುಎಂ20' ಅನ್ನುವ ಮುಂಬರಹ 1940ರಿಂದ ಯುದ್ಧ ಮುಗಿಯುವವರೆಗೂ ಹಾಗೇ ನಡೆದದ್ದರಿಂದ ಅದೊಂದರಿಂದ ವರ್ಷ ತಿಳಿಯುವುದಿಲ್ಲ. ಅದರ ಮುಂದಿನ ಅಂಕಿಯನ್ನು ಕಾರ್ಖಾನೆಯ ರವಾನೆ ದಾಖಲೆಯ ಜೊತೆ ತಾಳೆ ನೋಡಬೇಕು. ಇಲ್ಲಿ ಫ್ರೇಮ್ ನಂಬರು 1940ರ ಮಿಲಿಟರಿ ಕಾಂಟ್ರಾಕ್ಟಿಗೆ ಸೇರಿತು, ಎಂಜಿನ್ ಎರಡು ವರ್ಷ ಈಚಿನದು. ಇದರಲ್ಲಿ ಬೇಸರಪಡುವಂಥದ್ದೇನಿಲ್ಲ. ಸೇನೆಯ ವರ್ಕ್‌ಶಾಪಿನಲ್ಲಿ ಎಂಜಿನ್ ಇಳಿಸಿ, ರಿಪೇರಿಯಾಗಿ ಸಿದ್ಧವಿದ್ದ ಇನ್ನೊಂದನ್ನು ಏರಿಸಿ ಕಳಿಸುತ್ತಿದ್ದರು. ಎರಡೂ ನಂಬರು ಒಂದೇ ಕಾಲದ್ದಾಗಿ ಕೂಡಿಬಂದ ಎಂ20 ಕಂಡರೆ ನಮಗಂತೂ, ನಂಬರನ್ನು ಆಮೇಲೆ ಯಾರಾದರೂ ಒತ್ತಿದ್ದೋ ಅಂತ, ಮೊದಲು ಪಂಚ್ ಗುರುತಿನ ಮೇಲೇ ಕಣ್ಣು ಹೋಗುತ್ತದೆ.

ಫ್ರೇಮಿನ ಕಾಲಕ್ಕೂ ಒಂದು ತೂಕವಿದೆ. 1940ರ ಬೇಸಿಗೆಯಲ್ಲಿ ಬ್ರಿಟಿಷ್ ಸೇನೆ ಫ್ರಾನ್ಸಿನಿಂದ ಹಿಂದೆ ಸರಿಯುವಾಗ ಸುಮಾರು 20 ಸಾವಿರ ಮೋಟಾರ್‌ಸೈಕಲ್ ಅಲ್ಲೇ ಬಿಟ್ಟುಬಂತು. ಅದೇ ವರ್ಷ ನವೆಂಬರ್ 19ರ ರಾತ್ರಿ ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್‌ನಲ್ಲಿದ್ದ ಬಿಎಸ್‌ಎ ಕಾರ್ಖಾನೆಯ ಮೇಲೆ ಬಾಂಬು ಬಿದ್ದು 53 ಕೆಲಸಗಾರರು ಸತ್ತರು. ಯುದ್ಧ ಮುಗಿಯುವ ಹೊತ್ತಿಗೆ ಲಕ್ಷಕ್ಕೂ ಮೀರಿ ಎಂ20 ತಯಾರಾಗಿದ್ದರೂ ಆ ವರ್ಷದವು ಉಳಿದಿರುವುದು ಕಡಿಮೆ.

ಟ್ಯಾಂಕಿನ ಮೇಲೆ ಮೂರು ಸಂಜೆ ಹೋಯಿತು. 800ರ ವಾಟರ್ ಪೇಪರನ್ನು ಸೋಪು ನೀರಿನಲ್ಲಿ ಅದ್ದಿ, ಅಂಗೈ ಅಗಲದ ಜಾಗದಲ್ಲಿ ಒಂದೇ ದಿಕ್ಕಿಗೆ ಉಜ್ಜುವುದು, ಬಣ್ಣ ಬದಲಾದ ಕೂಡಲೇ 1200ಕ್ಕೆ ಇಳಿಯುವುದು. ಮೊದಲು ಕಪ್ಪು ನೀರು ಇಳಿಯಿತು, ಆಮೇಲೆ ಮರೂನ್, ಆಮೇಲೆ ಯುದ್ಧದ ನಡುಗಾಲದ ಮಣ್ಣುಕಂದು, ಸೇನೆಯ ಬಣ್ಣದ ಪಟ್ಟಿಯಲ್ಲಿ ಎಸ್‌ಸಿಸಿ2. ಕಂದಿನ ಮೇಲೆ ಬಿಳಿಯಲ್ಲಿ 'ಸಿ' ಅಕ್ಷರ, ಅದರ ಮುಂದೆ ಅಂಕಿಗಳು. 'ಸಿ' ಅಂದರೆ ಸೇನೆಯ ಲೆಕ್ಕದಲ್ಲಿ ಮೋಟಾರ್‌ಸೈಕಲ್. ಇನ್ನೂ ಒಂದು ಪದರ ಇಳಿದಾಗ ಮಾಸಿದ ಹಸಿರು ಬಂತು, ಖಾಕಿ ಗ್ರೀನ್ ನಂ. 3. ಅದರ ಮೇಲೂ ಅವೇ ಅಂಕಿ, ಮೇಲಿನದಕ್ಕಿಂತ ಅರ್ಧ ಇಂಚು ಕೆಳಗೆ, ಬೇರೆಯವರ ಕೈಬರಹದಲ್ಲಿ. ಎರಡು ಪದರದಲ್ಲೂ ಒಂದೇ ನಂಬರು ಇದೆ ಅಂದಮೇಲೆ ಟ್ಯಾಂಕು ಬಣ್ಣ ಬದಲಾಗುವ ಮೊದಲಿನಿಂದಲೂ ಒಂದೇ ಗಾಡಿಯ ಮೇಲಿತ್ತು. ಆ ಗಾಡಿ ಇದೇನಾ ಅನ್ನುವುದಕ್ಕೆ ಫ್ರೇಮಿನ ಕಾಂಟ್ರಾಕ್ಟಿಗೆ ಕೊಟ್ಟ 'ಸಿ' ನಂಬರುಗಳ ಸಾಲು ನೋಡಬೇಕು. ಸಾಲಿನೊಳಗೇ ಬಿತ್ತು. ಆ ಬದಿಯನ್ನು ಹಾಗೇ ಬಿಟ್ಟು, ಮಿಕ್ಕ ಕಡೆ ಮಾತ್ರ ಹಸಿರು ಹೊಡೆಯುವುದು ಅಂತ ತೀರ್ಮಾನ. ರಿಮ್ಮು, ಹ್ಯಾಂಡಲ್‌ಬಾರ್ ಎಲ್ಲಕ್ಕೂ ಬಣ್ಣವೇ. ಮಿಲಿಟರಿ ಎಂ20ಗೆ ಕ್ರೋಮ್ ಹಾಕಿ ಮಿನುಗಿಸುವವರಿಗೆ ಕೈಮುಗಿಯಬೇಕು.

ಟ್ಯಾಂಕಿನ ಒಳಗಿನ ತುಕ್ಕಿಗೆ ಜಲ್ಲಿ ಹಾಕಿ ಕುಲುಕಿದರೆ ಹೊರಗಿನ ಹಳೇ ಬಣ್ಣ ಉದುರುತ್ತದೆ. ಅದಕ್ಕೆ ಎಲೆಕ್ಟ್ರೋಲಿಸಿಸ್. ಸುಮಾರು 13 ಲೀಟರ್ ನೀರಿಗೆ 200 ಗ್ರಾಂ ವಾಷಿಂಗ್ ಸೋಡಾ, ಬಾಯಿಯಿಂದ ಒಳಗೆ ಇಳಿಬಿಟ್ಟ ಸಾದಾ ಕಬ್ಬಿಣದ ಸರಳು (ಟ್ಯಾಂಕಿಗೆ ಎಲ್ಲೂ ತಾಗದಂತೆ), 12 ವೋಲ್ಟ್ ಚಾರ್ಜರ್. ಪಾಸಿಟಿವ್ ಸರಳಿಗೆ, ನೆಗೆಟಿವ್ ಟ್ಯಾಂಕಿಗೆ. ತಿರುವುಮುರುವಾದರೆ ಟ್ಯಾಂಕೇ ಕರಗುತ್ತದೆ. ಸ್ಟೇನ್‌ಲೆಸ್ ಸರಳು ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲೇ ಮಾಡಬೇಕು, ಚಾರ್ಜರ್ ಆರಿಸಿದ ಮೇಲೆಯೇ ಕ್ಲಿಪ್ ತೆಗೆಯಬೇಕು.

ಎಂಜಿನ್ ಹಿಡಿದುಕೊಂಡಿತ್ತು. 496 ಸಿಸಿ, ಬೋರ್ (ಸಿಲಿಂಡರಿನ ಒಳವ್ಯಾಸ) 82 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 94. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುವ ಸೈಡ್ ವಾಲ್ವ್ ಆದದ್ದರಿಂದ ವಾಲ್ವ್ ಮುಟ್ಟದೆ ಹೆಡ್ ಬಿಚ್ಚಬಹುದು. ಹೆಡ್ ತೆಗೆದು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲು) ಮತ್ತು ಅಸಿಟೋನ್ ಸಮಪಾಲು ಬೆರೆಸಿ ಪಿಸ್ಟನ್ ಮೇಲೆ ಸುರಿದು, ಮುಚ್ಚಿಟ್ಟು, ನಾಲ್ಕು ದಿನ ಬಿಟ್ಟರೆ ಸಡಿಲವಾಯಿತು. ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಹೊಡೆಯುವ ಅವಸರ ಮಾಡಿದರೆ ಪಿಸ್ಟನ್ ಜೊತೆ ಬಿಗ್ ಎಂಡೂ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವ ಬೇರಿಂಗು) ಪೆಟ್ಟು ತಿನ್ನುತ್ತದೆ. ಬೋರು ಮೇಲಂಚಿನಲ್ಲಿ 10 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಸವೆದಿತ್ತು, 20 ಥೌ ಓವರ್‌ಸೈಜಿಗೆ ಬೋರಿಂಗ್ ಆಯಿತು. ಬೋರಿಂಗಿಗೆ ಕೊಡುವ ಮೊದಲೇ ಎಗ್ಸಾಸ್ಟ್ ವಾಲ್ವ್ ಸೀಟಿಗೂ ಬೋರಿಗೂ ನಡುವೆ ಬಿರುಕಿದೆಯೇ ಅಂತ ಡೈ ಹಚ್ಚಿ ನೋಡುವುದು ಒಳ್ಳೆಯದು. ಸೈಡ್ ವಾಲ್ವ್ ಬ್ಯಾರಲ್ಲು ಅತಿ ಬಿಸಿಯಾಗಿ ಸೀಳುವುದು ಅಲ್ಲೇ. ತಾಮ್ರದ ಹೆಡ್ ಗ್ಯಾಸ್ಕೆಟನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಮೆತ್ತಗಾಗಿ ಮತ್ತೆ ಬಳಕೆಗೆ ಬರುತ್ತದೆ. ಟ್ಯಾಪೆಟ್ ಗ್ಯಾಪ್ ತಣ್ಣಗಿರುವಾಗ ಇನ್‌ಲೆಟ್ 10 ಥೌ, ಎಗ್ಸಾಸ್ಟ್ 12.

ಇಗ್ನಿಷನ್ ಟೈಮಿಂಗನ್ನೂ ಹೆಡ್ ಬಿಚ್ಚಿರುವಾಗಲೇ ಮುಗಿಸಿಕೊಳ್ಳುವುದು ಜಾಣತನ, ಆಗ ಪಿಸ್ಟನ್ ಎಷ್ಟು ಇಳಿದಿದೆ ಅನ್ನುವುದನ್ನು ನೇರ ಅಳೆಯಬಹುದು. ಹ್ಯಾಂಡಲ್ಲಿನ ಲಿವರ್ ಪೂರ್ತಿ ಅಡ್ವಾನ್ಸಿಗೆ (ಕಿಡಿ ಬೇಗ ಬರುವ ಕಡೆಗೆ), ಪಿಸ್ಟನ್ ಮೇಲ್ತುದಿ ತಲುಪಲು 7/16 ಇಂಚು (11 ಮಿ.ಮೀ.) ಇರುವಾಗ ಪಾಯಿಂಟು (ತೆರೆದಾಗ ಕಿಡಿ ಹುಟ್ಟಿಸುವ ಸಂಪರ್ಕ) ಆಗಷ್ಟೇ ತೆರೆಯಬೇಕು. ಪಾಯಿಂಟಿನ ನಡುವೆ ಸಿಗರೇಟು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಿ, ಅದು ಬಿಟ್ಟುಕೊಂಡ ಕ್ಷಣವೇ ಲೆಕ್ಕ.

ಲೂಕಾಸ್ ಮ್ಯಾಗ್ಡೈನೊ (ಕಿಡಿ ಕೊಡುವ ಮ್ಯಾಗ್ನೆಟೊ, ದೀಪಕ್ಕೆ ಡೈನಮೊ, ಎರಡೂ ಕೂಡಿದ್ದು) ತಣ್ಣಗಿರುವಾಗ ಚೆನ್ನಾಗಿ ಕಿಡಿ ಕೊಟ್ಟು, ಹೇರ್ ಡ್ರೈಯರಿನಲ್ಲಿ ಕಾಯಿಸಿದರೆ ಸತ್ತುಹೋಗುತ್ತಿತ್ತು. ಇದು ಆರ್ಮೇಚರಿನೊಳಗಿನ ಕಂಡೆನ್ಸರ್ ಕಾಯಿಲೆ. ರಸ್ತೆಯಲ್ಲಾದರೆ 'ತಣ್ಣಗಾದರೆ ಸ್ಟಾರ್ಟ್ ಆಗುತ್ತೆ, ಬಿಸಿಯಾದರೆ ಇಲ್ಲ' ಅನ್ನುವ ದೂರಾಗಿ ಬರುತ್ತದೆ, ಜನ ಕಾರ್ಬೊರೇಟರ್ ಬಿಚ್ಚುತ್ತ ಕೂರುತ್ತಾರೆ. ಹಳೇ ಆರ್ಮೇಚರಿನ ಅರಗು ಸಹ ಬಿಸಿಗೆ ಕರಗಿ ಒಳಗೆ ಅಂಟುತ್ತದೆ. ರೀವೈಂಡ್ ಮಾಡಿಸಿ ಹೊಸ ಕಂಡೆನ್ಸರ್ ಹಾಕಿದ್ದಾಯಿತು. ಪಾಯಿಂಟ್ ಗ್ಯಾಪ್ 12 ಥೌ.

ಇನ್ನು ಆಯಿಲ್ ತಾನಾಗಿ ಕೆಳಗಿಳಿಯುವ ರೋಗ. ಗಾಡಿ ಕೆಲವು ವಾರ ನಿಂತರೆ ಟ್ಯಾಂಕಿನ ಆಯಿಲು ಗೇರ್ ಪಂಪಿನ ಸಂದಿಯಲ್ಲಿ ನುಸುಳಿ ಕ್ರ್ಯಾಂಕ್‌ಕೇಸ್ ತುಂಬುತ್ತದೆ. ಪೈಪಿಗೆ ನಲ್ಲಿ ಹಾಕುವವರಿದ್ದಾರೆ, ಒಂದು ದಿನ ತೆರೆಯುವುದು ಮರೆತರೆ ಬಿಗ್ ಎಂಡ್ ಮುಗಿಯಿತು. ಅದಕ್ಕಿಂತ ಸಂಪ್ ಪ್ಲೇಟ್ ತೆಗೆದು ಇಳಿಸಿಕೊಳ್ಳುವುದೇ ವಾಸಿ. ಪ್ಲೇಟ್ ತೆಗೆದಾಗ ಆಯಿಲು ಹಿಂದಕ್ಕೆಳೆಯುವ ಕೊಳವೆಯೊಳಗಿನ ಗುಂಡನ್ನು ಕೆಳಗಿನಿಂದ ತಂತಿಯಲ್ಲಿ ಎತ್ತಿ ಬಿಡಿ, ಟಿಕ್ ಅಂತ ಬೀಳಬೇಕು. ಇದರಲ್ಲಿ ಅದು ಗಸಿಗೆ ಅಂಟಿಕೊಂಡಿತ್ತು. ಹಾಗೇ ಓಡಿಸಿದ್ದರೆ ಹೋದ ಆಯಿಲು ವಾಪಸ್ ಬರುತ್ತಿರಲಿಲ್ಲ.

ಸ್ಪ್ಯಾನರ್ ಎಲ್ಲ ಹಳೇ ಬ್ರಿಟಿಷ್ ವಿಟ್‌ವರ್ತ್ ಅಳತೆಯವು. ಮಿಲಿಮೀಟರ್ ಸ್ಪ್ಯಾನರ್ 'ಹೆಚ್ಚುಕಡಿಮೆ ಕೂರುತ್ತೆ' ಅಂತ ಹಾಕಿದವರ ಗುರುತು ಈ ಗಾಡಿಯ ಅರ್ಧ ನಟ್ಟುಗಳ ಮೂಲೆಯಲ್ಲಿದೆ. ಅಮಲ್ ಕಾರ್ಬೊರೇಟರಿನ ಫ್ಲೇಂಜೂ ಬಿಗಿತಕ್ಕೆ ಬಾಗಿ ಗಾಳಿ ಎಳೆಯುತ್ತಿತ್ತು. ಗಾಜಿನ ಮೇಲೆ ಎಮರಿ ಕಾಗದ ಹರಡಿ ಎಂಟಂಕಿಯಾಕಾರದಲ್ಲಿ ತೇಯ್ದು ಸಮ ಮಾಡಲಾಯಿತು. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲ್ ಇ10 (ಶೇ. 10ರವರೆಗೆ ಎಥನಾಲ್ ಬೆರೆತದ್ದು), ಇದಕ್ಕೆ ದುಬಾರಿ ಇ5 ಹಾಕುತ್ತಿದ್ದೇವೆ. ನಮ್ಮೂರ ಕಡೆ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಬಂದ ಎಂ20 ಇಟ್ಟುಕೊಂಡವರಿಗೆ ಇ20 ಇನ್ನೂ ದೊಡ್ಡ ತಲೆನೋವು: ಗಾಡಿ ನಿಲ್ಲಿಸುವ ಮುನ್ನ ಫ್ಲೋಟ್ ಬೌಲ್ ಖಾಲಿ ಮಾಡಿ, ಟ್ಯಾಂಕಿಗೆ ಒಳಲೇಪ ಹಾಕಿಸುವುದಾದರೆ ಎಥನಾಲ್ ತಡೆಯುವಂಥದ್ದೇ ಇರಲಿ.

ಶನಿವಾರ ಎಂಜಿನ್ ಓಡಿತು. ಎಸ್‌ಎಇ 40 ಆಯಿಲು, ಇಗ್ನಿಷನ್ ಸ್ವಲ್ಪ ರಿಟಾರ್ಡ್, ಕಾರ್ಬೊರೇಟರಿನ ಟಿಕ್ಲರ್ ಒತ್ತಿ ಪೆಟ್ರೋಲ್ ಜಿನುಗುವವರೆಗೆ ಕಾದು, ಆರನೇ ಕಿಕ್ಕಿಗೆ. ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ವಾಪಸ್ ಕೊಳವೆ ಮೊದಲು ಬರೀ ಗಾಳಿ ಉಗುಳಿತು, ಆಮೇಲೆ ನೊರೆ, ಆಮೇಲೆ ಬಿಟ್ಟುಬಿಟ್ಟು ಆಯಿಲು. ಹತ್ತು ನಿಮಿಷದ ನಂತರ ಆರಿಸಿ, ಪೂರ್ತಿ ತಣಿದ ಮೇಲೆ ಹೆಡ್ ಬೋಲ್ಟ್ ಮತ್ತೆ ಬಿಗಿ ಮಾಡಿದಾಗ ಎಲ್ಲವೂ ಕಾಲು ಸುತ್ತು ತಗೊಂಡವು. ಗರ್ಡರ್ ಫೋರ್ಕಿನ ಸ್ಪಿಂಡಲ್ಲು, ಬುಷ್ಷು ಲೇತಿನವರ ಹತ್ತಿರ ಇವೆ. ಬ್ಲ್ಯಾಕೌಟ್ ಕಾಲದ ಹೆಡ್‌ಲೈಟ್ ಮಾಸ್ಕು ಇನ್ನೂ ಸಿಕ್ಕಿಲ್ಲ.